ತ್ರಿಶೂರಿನ ಚೆಂಡೆಯೂ ನಮ್ಮ ಡೊಳ್ಳೂ

ಚೆಂಡೆಯ ಸದ್ದನ್ನು ಕೇಳುವುದಕ್ಕಾಗಿ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಕೇರಳಕ್ಕೆ ಹೋಗಿಬಂದೆವೆಂದು ಹೇಳಿದಾಗ ನಮ್ಮ ಊರಿನ ವಕೀಲ ಮಿತ್ರರೊಬ್ಬರು, “ಸದ್ದೇ ಬೇಕಾಗಿದ್ದರೆ ನಮ್ಮ ಮಾರ್ಕೆಟ್ಟಿನ ಚೌಕದಲ್ಲಿ ಅರ್ಧ ಗಂಟೆ ನಿಂತಿದ್ದರೆ ಸಾಕಾಗಿತ್ತಲ್ಲ ಸ್ವಾಮಿ, ರೈಲಿನ ಖರ್ಚಾದರೂ ಉಳಿಯುತ್ತಿತ್ತು” ಎಂದು ಪರಿಹಾಸ ಮಾಡಿದರು. ನಾವೂ ನಕ್ಕು ಸುಮ್ಮನಾದೆವು. ಆದರೆ 2023ನೆಯ ಇಸವಿ ಏಪ್ರಿಲ್ 30ನೆಯ ತಾರೀಖು ಭಾನುವಾರ ತ್ರಿಶೂರು ಪೂರದಲ್ಲಿ ನಾವು ಕೇಳಿದ್ದು ಏನು, ಅದಕ್ಕಿಂತ ಹೆಚ್ಚಾಗಿ, ಕೇಳಿದವರೊಡನೆ ಕುಳಿತು ಆಡಿದ ಮಾತು ಏನು ಎಂಬುದನ್ನು ವಾಚಕರ ಮುಂದೆ ಇಡದಿದ್ದರೆ ಒಂದು ಋಣ ಉಳಿದುಹೋಗುವುದೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಆಗಲೇ ಬರೆಯಬೇಕಾಗಿದ್ದುದನ್ನು ಇಷ್ಟು ಕಾಲ ಬರೆಯದೆ ಇದ್ದುದಕ್ಕೆ ಕಾರಣವೊಂದು ಉಂಟು. ಅದು ನಮಗೆ ಶೋಭೆ ತರತಕ್ಕದ್ದಲ್ಲ, ಮುಂದೆ ಹೇಳುವೆವು.

ಪೂರದ ಚರಿತ್ರೆಯನ್ನು ಬಲ್ಲವರು ಬಹಳ. ಸಂಕ್ಷೇಪವಾಗಿ ಹೇಳುವುದಾದರೆ, 1790ರಿಂದ 1805ರವರೆಗೆ ಕೊಚ್ಚಿಯ ರಾಜ್ಯವನ್ನಾಳಿದ ಶಕ್ತನ್ ತಂಬುರಾನ್ ಎಂಬ ಪ್ರಸಿದ್ಧಿಯ ರಾಮವರ್ಮರಾಜನು ಇದನ್ನು ಸ್ಥಾಪಿಸಿದನು. ಅದಕ್ಕೆ ಮುಂಚೆ ಆ ಸೀಮೆಯ ದೊಡ್ಡ ಪೂರವೆಂದರೆ ಆರಾಟ್ಟುಪುಳದ್ದು. ಮಳೆಯ ದೆಸೆಯಿಂದ ತಡವಾಗಿ ಬಂದ ತ್ರಿಶೂರಿನ ದೇವರುಗಳಿಗೆ ಅಲ್ಲಿ ಪ್ರವೇಶ ಸಿಕ್ಕಲಿಲ್ಲವೆಂದೂ, ರಾಜನು ಅದನ್ನು ಕೇಳಿ ತ್ರಿಶೂರಿನಲ್ಲಿಯೇ ವಡಕ್ಕುನ್ನಾಥನ ಸನ್ನಿಧಿಯಲ್ಲಿ ಪೂರವನ್ನು ಏರ್ಪಡಿಸಿದನೆಂದೂ ಐತಿಹ್ಯವಿದೆ. ಪಾರಮೇಕ್ಕಾವು ಮತ್ತು ತಿರುವಂಬಾಡಿ ಎಂಬ ಎರಡು ದೇವಸ್ಥಾನಗಳು ಮುಖ್ಯ ಪಕ್ಷಗಳು; ಇನ್ನೂ ಎಂಟು ಸಣ್ಣ ದೇವಸ್ಥಾನಗಳು ಸೇರುತ್ತವೆ. ಮೇಷಮಾಸದ ಪೂರ, ಎಂದರೆ ನಮ್ಮ ಹುಬ್ಬಾ ನಕ್ಷತ್ರದ ದಿವಸ ನಡೆಯುವ ಈ ಉತ್ಸವದ ಆನೆ, ಬಣ್ಣಬಣ್ಣದ ಕೊಡೆ, ಬಾಣಬಿರುಸುಗಳ ಚಿತ್ರಗಳನ್ನು ನೋಡದ ವಾಚಕರು ಇರಲಾರರು. ನಮ್ಮ ಲೇಖನಕ್ಕೆ ಅವು ಯಾವುವೂ ಬೇಕಾಗಿಲ್ಲ.

ಬೇಕಾದುದು ಮಧ್ಯಾಹ್ನದ ಸುಮಾರು ಎರಡೂವರೆ ಗಂಟೆಯಿಂದ ಸಂಜೆಯ ಐದರವರೆಗೆ ವಡಕ್ಕುನ್ನಾಥನ ಪ್ರಾಕಾರದೊಳಗೆ ನಡೆಯುವ ಮೇಳ. ‘ಇಲಂಜಿತ್ತರ ಮೇಳ’ವೆಂದು ಅದರ ಹೆಸರು. ಇಲಂಜಿಯೆಂದರೆ ನಮ್ಮ ಕರಾವಳಿಯವರು ರೆಂಜೆಯೆಂದು ಕರೆಯುವ ಬಕುಳ, ತರವೆಂದರೆ ಕಟ್ಟೆ. ಹೀಗಾಗಿ ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ‘ರೆಂಜೆಕಟ್ಟೆಯ ಮೇಳ’ ಎಂದಷ್ಟೇ ಆಗುತ್ತದೆ. ಪಾರಮೇಕ್ಕಾವಿನ ಪಕ್ಷದವರದು ಈ ಮೇಳ. ಅದರಲ್ಲಿ ನುಡಿಸುವವರು ಸುಮಾರು ಇನ್ನೂರೈವತ್ತು ಮಂದಿ. ಮುಂದಿನ ಸಾಲಿನಲ್ಲಿ ಉರುಟ್ಟು ಚೆಂಡೆಯವರು. ಇವರೇ ಪೆಟ್ಟುಗಳನ್ನು ಬಿಡಿಸಿ, ಹೆಣೆದು, ಏರಿಸತಕ್ಕವರು. ಇವರ ನಡುವೆ ನಿಂತು ಮೇಳವನ್ನು ನಡೆಸುವ ನಾಯಕನಿಗೆ ಪ್ರಮಾಣಿಯೆಂದು ಹೆಸರು. ಹಿಂದಿನ ಸಾಲುಗಳಲ್ಲಿ ತಾಳವನ್ನು ಹಿಡಿದಿಡುವ ವೀಕ್ಕನ್ ಚೆಂಡೆಗಳವರು ಮತ್ತು ಇಲತ್ತಾಳವೆಂಬ ಕಂಚಿನ ತಾಳಗಳವರು. ಎದುರುಗಡೆ ಕುಳಲಿನವರೂ, ಬಾಗಿದ ಕೊಂಬಿನವರೂ. ಈ ಕುಳಲು ಹೆಸರಿಗೆ ಮಾತ್ರ ಕೊಳಲು. ಜಾತಿಯಲ್ಲಿ ಅದು ನಮ್ಮ ಮೌರಿ, ಸನಾದಿಗಳ ಬಳಗದ್ದು. ವೇದಿಕೆಯಿಲ್ಲ, ಆಸನಗಳಿಲ್ಲ. ನುಡಿಸುವವರೂ ನೆಲದ ಮೇಲೆಯೇ, ಕೇಳುವವರೂ ನೆಲದ ಮೇಲೆಯೇ ನಿಂತಿರುವರು.

ನುಡಿಸುವುದು ಪಾಂಡಿ ಎಂಬ ಮೇಳ. ಕೇರಳದ ಪದ್ಧತಿಯಲ್ಲಿ ದೇವಸ್ಥಾನದ ಒಳಗೆ ಪಂಚಾರಿಯೂ ಹೊರಗೆ ಪಾಂಡಿಯೂ ಸಲ್ಲತಕ್ಕವು. ಪಾಂಡಿಯನ್ನು ಪ್ರಾಕಾರದೊಳಗೆ ನುಡಿಸುವ ಈ ರೆಂಜೆಕಟ್ಟೆ ಒಂದು ಅಪವಾದವೆಂದು ಅವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಏಳು ಅಕ್ಷರದ ತಾಳವೇ ಪಾಂಡಿಗೆ ಬೀಜ. ಮೇಳಶಾಸ್ತ್ರದ ಲೆಕ್ಕದಲ್ಲಿ ಆವರ್ತವು 56ರಿಂದ 28ಕ್ಕೆ, 28ರಿಂದ 14ಕ್ಕೆ, ಕಡೆಗೆ 7ಕ್ಕೆ ಇಳಿಯುತ್ತದೆ. ಎಂದರೆ ಒಂದೊಂದು ಕಾಲಕ್ಕೂ ಸುತ್ತು ಅರ್ಧದಷ್ಟು ಕಿರಿದಾಗಿ ವೇಗ ಏರುತ್ತದೆ. ಪಂಚಾರಿಯಲ್ಲಿಯಾದರೆ 96ರಿಂದ ಹೊರಟು ಐದು ಕಾಲಗಳಲ್ಲಿ 6ಕ್ಕೆ ಬರಬೇಕು. ಇದನ್ನು ಕಾಗದದ ಮೇಲೆ ಓದಿದಾಗ ಗಣಿತದ ಪಾಠದಂತೆ ಕಾಣುವುದು. ಅಲ್ಲಿ ನಿಂತವನಿಗಾದರೋ ಬೆಟ್ಟದ ಮೇಲಿನ ಬಂಡೆಯೊಂದು ಮೊದಲು ಅಲುಗಾಡಿ, ಆಮೇಲೆ ಉರುಳಿ, ಕಡೆಗೆ ಯಾರು ತಡೆದರೂ ನಿಲ್ಲದ ಹಾಗೆ ಆಗುವುದನ್ನು ಕಂಡಂತೆ ಇರುತ್ತದೆ.

ಮೊದಲನೆಯ ಮುಕ್ಕಾಲು ಗಂಟೆ ನಮಗೆ ಬೇಸರವಾಯಿತೆಂಬುದನ್ನು ಮರೆಮಾಚುವುದಿಲ್ಲ. ಬಿಸಿಲು ಬಹಳ, ಮೈಯೆಲ್ಲ ಬೆವರು, ಮುಂದಿನವರ ಬೆನ್ನಿನ ಹೊರತು ಕಾಣುವುದು ಕಡಿಮೆ. ಪೆಟ್ಟು ಬೀಳುತ್ತಿದ್ದಿತು, ನಿಲ್ಲುತ್ತಿದ್ದಿತು, ಮತ್ತೆ ಅದೇ ಪೆಟ್ಟು. ಸಾಲಾಗಿ ನಿಂತ ಆನೆಗಳ ಕಿವಿಗೆ ಈ ಸದ್ದು ಹೇಗಿರುವುದೋ ಎಂಬ ಯೋಚನೆಯೂ ಬಂದಿತು. ಅದಕ್ಕೆ ಈಗಲೂ ನಮಗೆ ಸಮಾಧಾನ ದೊರೆತಿಲ್ಲ. ಹೊರಟುಬಿಡೋಣವೆಂದುಕೊಳ್ಳುವಷ್ಟರಲ್ಲಿ ನಮ್ಮ ಕಣ್ಣು ಚೆಂಡೆಗಳನ್ನು ಬಿಟ್ಟು ಜನರ ಮೇಲೆ ಬಿದ್ದಿತು. ಸುತ್ತಲೂ ನಿಂತವರ ಕೈಗಳು ಮೇಲೆದ್ದಿದ್ದುವು. ಅವು ಜಯಕಾರಕ್ಕೆ ಎತ್ತಿದ ಕೈಗಳಲ್ಲ. ಬೆರಳುಗಳು ಎಣಿಸುತ್ತಿದ್ದುವು. ಆವರ್ತದ ತುದಿ ಬರುವಾಗ ಸಾವಿರಾರು ಕೈಗಳು ಒಟ್ಟಿಗೆ ಗಾಳಿಯಲ್ಲಿ ಮೇಲೆ ಹೋಗಿ, ಕಲಾಶದ ಪೆಟ್ಟಿಗೆ ಸರಿಯಾಗಿ ಕೆಳಕ್ಕೆ ಬಂದುವು. ಪೆಟ್ಟು ಎಲ್ಲಿ ಬೀಳುವುದೆಂಬುದು ನಮಗೆ ಬಿದ್ದಮೇಲೆ ತಿಳಿಯುತ್ತಿದ್ದಿತು. ಅವರಿಗೆ ಬೀಳುವುದಕ್ಕೆ ಮುಂಚೆಯೇ ತಿಳಿದಿದ್ದಿತು. ನಮ್ಮ ಎಡಗಡೆಯಲ್ಲಿದ್ದ, ಹಮಾಲಿ ಕೆಲಸದವನಂತೆ ಕಂಡ ಒಬ್ಬಾತನು ನಮ್ಮ ಅವಸ್ಥೆಯನ್ನು ಕಂಡು, ಮಾತಿಲ್ಲದೆ ನಮ್ಮ ಮಣಿಕಟ್ಟನ್ನು ಹಿಡಿದು ಎತ್ತಿ, ತನ್ನ ಕೈಯೊಡನೆ ನಮ್ಮದನ್ನೂ ಎರಡು ಮೂರು ಸುತ್ತು ಬೀಸಿ ಬಿಟ್ಟನು. ಅಲ್ಲಿಂದ ಮುಂದಕ್ಕೆ ಬೇಸರವೆಂಬುದು ಎಲ್ಲಿ ಹೋಯಿತೋ ತಿಳಿಯದು. ಐದು ಗಂಟೆಯ ಹೊತ್ತಿಗೆ ಮೇಳವು ತುತ್ತತುದಿಗೆ ಮುಟ್ಟಿ ಒಮ್ಮೆಲೇ ನಿಂತಾಗ, ಆ ನಿಶ್ಶಬ್ದವೇ ಕಿವಿಗೆ ಹೊಡೆದಂತಾಯಿತು.

ನಾವು ಇಳಿದುಕೊಂಡಿದ್ದ ವಸತಿಗೃಹದ ಮೊಗಸಾಲೆಯಲ್ಲಿ ಆ ರಾತ್ರಿ ಏಳೆಂಟು ಮಂದಿ ಸೇರಿದರು. ಬಾಣಬಿರುಸು ಬೆಳಗಿನ ಜಾವಕ್ಕೆ. ಅಲ್ಲಿಯವರೆಗೆ ಯಾರಿಗೂ ನಿದ್ರೆಯ ಆಲೋಚನೆಯಿಲ್ಲ. ಅವರಲ್ಲೊಬ್ಬರು ಬೆಂಗಳೂರಿನಲ್ಲಿ ಹತ್ತು ವರ್ಷ ಬೇಕರಿ ನಡೆಸಿದ್ದವರು. ಅವರ ಕನ್ನಡವು ನಮ್ಮ ಮತ್ತು ಉಳಿದವರ ನಡುವೆ ಸೇತುವೆಯಾಯಿತು. ಕಪ್ಪು ಚಹ ಬಂದಿತು. ಮಾತು ಹೊರಟಿತು. ಆ ಮಾತಿನ ಸ್ವಾರಸ್ಯವನ್ನು ವಾಚಕರಿಗೆ ಹೇಗೆ ತಿಳಿಸೋಣ? ಒಳ್ಳೆಯ ಮೊಕದ್ದಮೆಯೊಂದರ ವಾದವಿವಾದಗಳನ್ನು ಕೇಳಿ ಬಂದ ವಕೀಲರು ಬಾರ್ ರೂಮಿನಲ್ಲಿ ಕುಳಿತು, ಇಂಥ ಪ್ರಶ್ನೆಯನ್ನು ಇಂಥಲ್ಲಿ ಕೇಳಿದ್ದು ಸರಿಯೇ ಎಂದು ಚರ್ಚಿಸುವುದಿಲ್ಲವೇ, ಹಾಗೆ.

ಅವರೊಳಗೆ ಹಿರಿಯರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಉಪಾಧ್ಯಾಯರು. ಎಲ್ಲರೂ ‘ಮಾಷೆ’ ಎಂದು ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಮೊದಲನೆಯ ಮೇಳವನ್ನು ಕೇಳಿದರಂತೆ. “ಹೆಗಲ ಮೇಲೆ ಕುಳಿತಿದ್ದರಿಂದ ಏನೂ ಕೇಳಿದ ನೆನಪಿಲ್ಲ. ಅಪ್ಪನ ಹೆಗಲು ತಾಳಕ್ಕೆ ಏರಿ ಇಳಿಯುತ್ತಿದ್ದುದು ಮಾತ್ರ ನೆನಪಿದೆ. ನಾನು ತಾಳವನ್ನು ಕಲಿತದ್ದು ಅಪ್ಪನ ಹೆಗಲಿನಿಂದ” ಎಂದರು. ಹೊಸಬರು ಮೊದಲನೆಯ ಗಂಟೆಯಲ್ಲಿಯೇ ಎದ್ದುಹೋಗುವರೆಂದೂ, ಪಾಂಡಿಯ ಸೊಗಸೆಲ್ಲ ಆ ಬೇಸರದ ಗಂಟೆಯನ್ನು ಕಾಯುವುದರಲ್ಲಿ ಇದೆಯೆಂದೂ ಅವರ ಮತ. ನಾವು ಎದ್ದುಹೋಗುವುದರಲ್ಲಿದ್ದೆವೆಂಬುದನ್ನು ಹೇಳಲಿಲ್ಲ.

ಆ ವರ್ಷ ಮೇಳಪ್ರಿಯರಿಗೆ ಚರ್ಚಿಸುವುದಕ್ಕೆ ವಿಶೇಷ ವಿಷಯವೊಂದಿದ್ದಿತು. 1999ರಿಂದ 2022ರವರೆಗೆ ರೆಂಜೆಕಟ್ಟೆಯ ಮೇಳಕ್ಕೆ ಪ್ರಮಾಣಿಯಾಗಿದ್ದವರು ಪೆರುವನಂ ಕುಟ್ಟನ್ ಮಾರಾರರು. 2011ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಮಹನೀಯರು. 2023ರಲ್ಲಿ ಆ ಸ್ಥಾನಕ್ಕೆ ಕಿಳಕ್ಕೂಟ್ ಅನಿಯನ್ ಮಾರಾರರು ಬಂದಿದ್ದರು. ಒಬ್ಬರ ಕೈಗೆ ಒಗ್ಗಿದ ಕಿವಿ ಮತ್ತೊಬ್ಬರ ಕೈಯನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಇಂಥ ಕಲಾಶಕ್ಕೆ ಮುಂಚೆ ಎಷ್ಟು ಹೊತ್ತು ಕಾಯಿಸಬೇಕು, ಕುಳಲಿನ ನಾಯಕನ ಕಡೆಗೆ ಸನ್ನೆ ಯಾವಾಗ ಹೋಗಬೇಕು, ಕಾಲ ಬದಲಾಗುವಾಗ ಹಿಂದಿನ ಸಾಲು ಅದನ್ನು ಹೇಗೆ ಹಿಡಿಯಿತು, ಎಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಖಂಡಿಸಿ, ಮೂರನೆಯವರು ಮೇಜನ್ನು ಬಡಿದು ತೋರಿಸಿ, ಚಹದ ಲೋಟಗಳು ಉರುಳುವವರೆಗೆ ವಾದವಾಯಿತು. ಅದರಲ್ಲಿ ಯಾರ ಪಕ್ಷ ಗೆದ್ದಿತೆಂಬುದನ್ನು ತೀರ್ಮಾನಿಸುವ ಯೋಗ್ಯತೆ ನಮಗಿಲ್ಲ. ನಮಗೆ ಆಶ್ಚರ್ಯವಾದದ್ದು ಬೇರೆ: ಅವರಲ್ಲಿ ಒಬ್ಬರಾದರೂ ಚೆಂಡೆಯನ್ನು ನುಡಿಸಬಲ್ಲವರಲ್ಲ. ಬೇಕರಿಯವರು, ಉಪಾಧ್ಯಾಯರು, ಆಟೋರಿಕ್ಷಾ ಓಡಿಸುವವರು, ಬ್ಯಾಂಕಿನ ಗುಮಾಸ್ತರು. ಆದರೂ ಆ ಇನ್ನೂರೈವತ್ತು ಮಂದಿ ಒಂದು ಪೆಟ್ಟನ್ನು ತಪ್ಪಿದರೆ ಮಾರನೆಯ ಬೆಳಗ್ಗೆ ಅಂಗಡಿಬೀದಿಯಲ್ಲಿ ಅದಕ್ಕೆ ಉತ್ತರ ಹೇಳಬೇಕಾಗುವುದು.

ಆಟೋರಿಕ್ಷಾದವರು ಮಿತಭಾಷಿಗಳು. ಬಹಳ ಹೊತ್ತಿನ ಮೇಲೆ ಅವರು ಹೇಳಿದ ಮಾತು ಇದು: “ಎಲ್ಲರೂ ಮುಂದಿನ ಸಾಲನ್ನು ನೋಡುತ್ತೀರಿ. ನಾನು ಹಿಂದಿನ ಸಾಲನ್ನು ನೋಡುತ್ತೇನೆ. ಅವರಿಗೆ ಬಿಡಿಸಿ ನುಡಿಸುವುದಕ್ಕೆ ಇಲ್ಲ, ಮೆರೆಯುವುದಕ್ಕೆ ಇಲ್ಲ. ಎರಡೂವರೆ ಗಂಟೆ ಒಂದೇ ಪೆಟ್ಟು. ಅದು ಸಡಿಲವಾದರೆ ಪ್ರಮಾಣಿಯ ಕೈಯಲ್ಲಿ ಏನಿದೆ?” ಅವರ ಸೋದರಮಾವ ಆ ಸಾಲಿನಲ್ಲಿ ನಿಲ್ಲುವವರಂತೆ. ಮೇಳ ಮುಗಿದಮೇಲೆ ಮನೆಗೆ ಕರೆದುಕೊಂಡು ಹೋಗಿ, ಬಿಸಿನೀರಿನಲ್ಲಿ ಕೈಯನ್ನು ಇಟ್ಟುಕೊಂಡು ಕೂರಿಸಿ ಬಂದಿದ್ದರು.

ಕೊಲ್ಲಿಯ ದೇಶದಲ್ಲಿ ದಾದಿಯ ಕೆಲಸದಲ್ಲಿದ್ದು ರಜೆಯ ಮೇಲೆ ಬಂದಿದ್ದ ಒಬ್ಬ ಹೆಣ್ಣುಮಗಳು ಗಂಡನೊಡನೆ ಅಲ್ಲಿದ್ದರು. ಹುಟ್ಟಿ ಬೆಳೆದದ್ದು ಅದೇ ಊರಿನ ಹತ್ತಿರವಾದರೂ, ಪ್ರಾಕಾರದೊಳಗೆ ನಿಂತು ಮೇಳವನ್ನು ಕೇಳಿದ್ದು ಅದೇ ಮೊದಲು. ಗಂಡಸರ ನೂಕುನುಗ್ಗಲಿನಲ್ಲಿ ಹೋಗಬೇಡವೆಂದು ಅಜ್ಜಿ ತಡೆಯುತ್ತಿದ್ದರಂತೆ. ವರ್ಷವರ್ಷವೂ ಮನೆಯ ದೂರದರ್ಶನದ ಪೆಟ್ಟಿಗೆಯ ಮುಂದೆಯೇ ಎಣಿಸಿಕೊಂಡು ಕುಳಿತದ್ದಾಯಿತು. “ಎಣಿಕೆ ತಪ್ಪಲಿಲ್ಲ. ಆದರೆ ಪೆಟ್ಟು ಎದೆಯೊಳಗೆ ಬೀಳುತ್ತದೆಂಬುದು ಪೆಟ್ಟಿಗೆಯಲ್ಲಿ ತಿಳಿಯುವುದಿಲ್ಲ” ಎಂದರು. ನಿಲ್ಲುವುದಕ್ಕೆ ಇಬ್ಬರು ಮುದುಕರು ಸ್ಥಳ ಮಾಡಿಕೊಟ್ಟರಂತೆ. ಆದರೆ ಕುಡಿಯುವುದಕ್ಕೆ ನೀರು ಬೇಕೆಂದು ಹೊರಗೆ ಹೋಗಿದ್ದರೆ ಮತ್ತೆ ಒಳಗೆ ಬರುವ ಹಾಗಿರಲಿಲ್ಲ. ಉತ್ಸವಗಳಲ್ಲಿ ಹೆಂಗಸರ ಅನುಕೂಲವು ಕಟ್ಟಕಡೆಯ ಯೋಚನೆಯಾಗಿರುವುದು ಆ ಊರಿನ ವಿಶೇಷವೇನೂ ಅಲ್ಲವೆಂದು ನಾವು ಹೇಳಿದಾಗ ಅವರು ನಕ್ಕರು.

ಬೇಕರಿಯವರ ಕಥೆ ಮೊಬೈಲಿನದು. ಬೆಂಗಳೂರಿನಲ್ಲಿದ್ದ ಕಾಲದಲ್ಲಿ ಪೂರದ ದಿವಸ ಅಂಗಡಿಗೆ ಬೀಗ ಹಾಕಿ ಬರುತ್ತಿದ್ದರು. ಒಂದು ವರ್ಷ ಮಗುವಿಗೆ ಕಾಯಿಲೆಯಾಗಿ ಬರಲಾಗಲಿಲ್ಲ. ತಮ್ಮನು ಮೇಳದ ನಡುವೆ ನಿಂತು ಮೊಬೈಲನ್ನು ಎತ್ತಿ ಹಿಡಿದನು. ಇವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಒಂದು ಕಿವಿಯನ್ನು ಮುಚ್ಚಿಕೊಂಡು, ಬನ್ನು ಕೇಳಲು ಬಂದವರಿಗೆ ಸನ್ನೆಯಿಂದಲೇ ಉತ್ತರ ಕೊಡುತ್ತ ಕೇಳಿದರು. ಇದನ್ನು ಕೇಳಿ ಮಾಷೆಯವರಿಗೆ ಸಿಟ್ಟು ಬಂದಿತು. ಈಗೀಗ ಮೇಳದಲ್ಲಿ ಕೈಗಳ ಬದಲು ಮೊಬೈಲುಗಳೇ ಮೇಲೆದ್ದಿರುತ್ತವೆ, ಅದನ್ನು ಹಿಡಿದ ಕೈ ಎಣಿಸುವುದು ಹೇಗೆ ಎಂದು ಅವರ ಆಕ್ಷೇಪ. ಬೇಕರಿಯವರು ಬಿಡಲಿಲ್ಲ: “ನನ್ನ ತಮ್ಮನ ಒಂದು ಕೈ ಮೊಬೈಲಿನಲ್ಲಿ, ಇನ್ನೊಂದು ಕೈ ತಾಳದಲ್ಲಿ ಇತ್ತು, ಮಾಷೆ. ನನಗೆ ಅದು ಕೇಳುತ್ತಿತ್ತು.” 2020ರಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಪೂರದ ಮೆರವಣಿಗೆಯೂ ಮೇಳವೂ ನಿಂತುಹೋಗಿ ಪೂಜಾವಿಧಿಗಳಷ್ಟೇ ನಡೆದುವು. 2021ರಲ್ಲಿ ನುಡಿಸುವವರು ಬಂದರು, ಕೇಳುವವರಿಗೆ ಪ್ರವೇಶವಿರಲಿಲ್ಲ. ಆ ರಾತ್ರಿ ತಿರುವಂಬಾಡಿ ಪಕ್ಷದ ಪಂಚವಾದ್ಯ ನಡೆಯುತ್ತಿದ್ದಾಗ ಆಲದ ಕೊಂಬೆ ಮುರಿದುಬಿದ್ದು ಇಬ್ಬರು ಮೃತರಾದರು. ಆ ವರ್ಷದ ಮೇಳವನ್ನು ಮೊಗಸಾಲೆಯಲ್ಲಿದ್ದವರೆಲ್ಲ ಮನೆಯಲ್ಲಿಯೇ ಕೇಳಿದ್ದರು. ಪೆಟ್ಟು ಸರಿಯಾಗಿದ್ದಿತು, ಲೆಕ್ಕ ಸರಿಯಾಗಿದ್ದಿತು, ಆದರೆ ಕಲಾಶದ ಪೆಟ್ಟು ಬಿದ್ದಮೇಲೆ ಏಳಬೇಕಾದ ಜನರ ಕೂಗಿರಲಿಲ್ಲ. ಅರ್ಧ ಮೇಳವನ್ನು ಕೇಳಿದ ಹಾಗಾಯಿತೆಂದು ಬ್ಯಾಂಕಿನ ಗುಮಾಸ್ತರು ಹೇಳಿದರು. ಈ ವಿಷಯದಲ್ಲಿ ಮಾತ್ರ ಯಾರೂ ವಾದಿಸಲಿಲ್ಲ.

ಹೀಗೆ ಮಾತು ನಡೆಯುತ್ತಿರುವಾಗ ಮಾಷೆಯವರು ನಮ್ಮ ಕಡೆಗೆ ತಿರುಗಿ, ನಿಮ್ಮ ಸೀಮೆಯಲ್ಲಿ ಹೀಗೆ ಗುಂಪಾಗಿ ನುಡಿಸುವ ದೊಡ್ಡ ವಾದ್ಯ ಯಾವುದು ಎಂದು ಕೇಳಿದರು. ಡೊಳ್ಳು ಎಂದೆವು. ಅದರ ವರ್ಣನೆಯನ್ನೂ ಮಾಡಿದೆವು: ಬೀರದೇವರ ಒಕ್ಕಲಾದ ಕುರುಬರ ಮನೆಯ ವಾದ್ಯ, ಮರದ ದೊಡ್ಡ ಗೂಡಿಗೆ ಚರ್ಮ ಬಿಗಿದು, ಮೈಗೆ ಕಟ್ಟಿಕೊಂಡು, ಒಂದು ಕಡೆ ಕೋಲಿನಿಂದಲೂ ಇನ್ನೊಂದು ಕಡೆ ಬರಿಗೈಯಿಂದಲೂ ಹೊಡೆಯುತ್ತ ಕುಣಿಯುವರು, ನುಡಿಸುವವನೇ ಕುಣಿಯುವವನು, ಡೊಳ್ಳಿನ ಪದಗಳೆಂಬ ಹಾಡುಗಳ ಸಂಪತ್ತೂ ಅದರೊಡನೆ ಇದೆ. ಅವರು ಸಂತೋಷದಿಂದ ಕೇಳಿದರು. ಆಮೇಲೆ ಸಹಜವಾಗಿಯೇ ಬಂದ ಪ್ರಶ್ನೆ: “ಅದರಲ್ಲಿ ಈಗ ದೊಡ್ಡ ಪ್ರಮಾಣಿ ಯಾರು?”

ನಮಗೆ ಒಂದು ಹೆಸರೂ ಬರಲಿಲ್ಲ. ಮೂವತ್ತು ವರ್ಷ ಪತ್ರಿಕೆಯನ್ನು ನಡೆಸಿದವರು, ಕನ್ನಡದ ವಿಷಯದಲ್ಲಿ ಎಷ್ಟೋ ಅಗ್ರಲೇಖನಗಳನ್ನು ಬರೆದವರು, ಡೊಳ್ಳಿನವರ ಚಿತ್ರಗಳನ್ನು ಪ್ರತಿ ನವೆಂಬರಿನಲ್ಲಿಯೂ ಮುಖಪುಟದಲ್ಲಿ ಅಚ್ಚುಹಾಕಿದವರು, ಒಬ್ಬ ಡೊಳ್ಳಿನವನ ಹೆಸರನ್ನು ಹೇಳಲಾರದೆ ಹೋದೆವು. ಬಹಳ ಮಂದಿ ಇದ್ದಾರೆ ಎಂದು ಏನೋ ಗೊಣಗಿದೆವು. ಆಟೋರಿಕ್ಷಾದವರು ನಮ್ಮ ಮುಖವನ್ನೊಮ್ಮೆ ನೋಡಿ ಮಾತನ್ನು ಬೇರೆ ಕಡೆಗೆ ತಿರುಗಿಸಿದರು.

ಆ ರಾತ್ರಿ ನಮ್ಮ ನೆನಪಿಗೆ ಬಂದದ್ದು 2008ನೆಯ ಇಸವಿಯ ರಾಜ್ಯೋತ್ಸವ. ನಮ್ಮ ಊರಿನ ಸ್ವಾಗತ ಸಮಿತಿಗೆ ನಾವೇ ಕಾರ್ಯದರ್ಶಿಗಳು. ಮೆರವಣಿಗೆಯ ಕೊನೆಯಲ್ಲಿ ಮೈದಾನದ ವೇದಿಕೆಯ ಮುಂದೆ ಒಂದು ಡೊಳ್ಳಿನ ತಂಡ ನಿಂತು ನುಡಿಸುತ್ತಿದ್ದಿತು. ಹದಿನೈದು ಮಂದಿ ಇದ್ದಿರಬಹುದು. ಸುತ್ತು ಬಿಗಿಯಾಗಿ ವೇಗಕ್ಕೆ ಬರುತ್ತಿದ್ದಾಗ ಮುಖ್ಯ ಅತಿಥಿಗಳು ಗಡಿಯಾರವನ್ನು ನೋಡಿಕೊಂಡರು. ನಾವು ಎದ್ದು ವೇದಿಕೆಯ ಅಂಚಿಗೆ ಬಂದು ಕೈಬೀಸಿ ನಿಲ್ಲಿಸಿದೆವು. ತಂಡದ ಯಜಮಾನನಾದ ಮುದುಕನು ಡೊಳ್ಳಿನ ಮೇಲೆ ಅಂಗೈಯನ್ನಿಟ್ಟು ಸದ್ದನ್ನು ಅಡಗಿಸಿ, ಏದುಸಿರು ಬಿಡುತ್ತ, “ಈಗಿನ್ನೂ ಕೈ ಕೂಡಿತ್ತು ಸ್ವಾಮಿ” ಎಂದನು. ಅದರಲ್ಲಿ ಕೋಪವಿರಲಿಲ್ಲ. ನಮಗೆ ಆಗ ಆ ಮಾತಿನ ಅರ್ಥವೂ ಆಗಿರಲಿಲ್ಲ. ಕೈ ಕೂಡುವುದೆಂದರೆ ಏನೆಂದು ತಿಳಿಯುವುದಕ್ಕೆ ತ್ರಿಶೂರಿನ ಹಮಾಲಿಯೊಬ್ಬನು ನಮ್ಮ ಮಣಿಕಟ್ಟನ್ನು ಹಿಡಿಯಬೇಕಾಯಿತು. ಈ ಲೇಖನವು ಇಷ್ಟು ತಡವಾಗುವುದಕ್ಕೂ ಅದೇ ಕಾರಣ. ಬರೆದರೆ ಇದನ್ನೂ ಬರೆಯಬೇಕಾಗುವುದಲ್ಲವೇ ಎಂಬ ಸಂಕೋಚ.

ಪೂರವನ್ನು ಇಲ್ಲಿ ನಕಲು ಮಾಡಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ದೇವಸ್ಥಾನಗಳ ಆಸ್ತಿಯೂ ಎರಡು ಪಕ್ಷಗಳ ಪೈಪೋಟಿಯೂ ಎರಡು ಶತಮಾನಗಳ ರೂಢಿಯೂ ಇವೆ. ಅಲ್ಲಿಗೆ ಬಂದ ಜನಸಾಗರದಲ್ಲಿ ಎಣಿಸಬಲ್ಲವರು ಒಂದು ಭಾಗ ಮಾತ್ರ. ಉಳಿದವರು ಆನೆ ನೋಡಲು, ಕೊಡೆ ನೋಡಲು, ಸುಮ್ಮನೆ ಜನರನ್ನು ನೋಡಲು ಬಂದವರೆಂಬುದನ್ನೂ ಬಲ್ಲೆವು. ಕನ್ನಡಿಗರಿಗೆ ತಾಳಜ್ಞಾನವಿಲ್ಲವೆಂದು ಹೇಳಿದರೆ ಅದು ಸುಳ್ಳಾಗುವುದು. ನಮ್ಮ ಕರಾವಳಿಗೆ ಹೋಗಿ ನೋಡಿ. ಯಕ್ಷಗಾನದ ಆಟದಲ್ಲಿ ಚಂಡೆಯ ಒಂದು ಮುಕ್ತಾಯ ಜಾರಿದರೆ, ಕಂಬಳಿ ಹೊದ್ದು ತೂಕಡಿಸುತ್ತಿದ್ದ ಮುದುಕನು ಕಣ್ಣು ತೆರೆಯುತ್ತಾನೆ. ತೆಂಕಿನ ಚಂಡೆಯ ನಡೆ ಯಾವುದು, ಬಡಗಿನದು ಯಾವುದು, ಈ ಕೈ ಯಾರ ಶಿಷ್ಯನದು ಎಂಬುದನ್ನು ಅಲ್ಲಿನ ಹೋಟೆಲಿನ ಮಾಣಿಗಳು ಹೇಳಬಲ್ಲರು. ಯಕ್ಷಗಾನವು ಇಂದಿಗೂ ಬೆಳಗಿನವರೆಗೆ ನಿಂತಿರುವುದು ಸರಕಾರದ ಧನಸಹಾಯದಿಂದಲ್ಲ, ಈ ಮುದುಕನಿಂದ ಮತ್ತು ಈ ಮಾಣಿಯಿಂದ.

ಡೊಳ್ಳಿಗಾದರೋ ನಾವು ಪಟ್ಟಣವಾಸಿಗಳು ಏನು ಕೊಟ್ಟಿದ್ದೇವೆ? ಮೆರವಣಿಗೆಯಲ್ಲಿ ಸ್ಥಳ ಕೊಟ್ಟಿದ್ದೇವೆ. ಮೈಸೂರಿನ ದಸರೆಯ ಜಂಬೂಸವಾರಿಯಲ್ಲಿ ನಾಡಿನ ಮೂಲೆಮೂಲೆಗಳಿಂದ ಬಂದ ತಂಡಗಳು ಗಣ್ಯರ ಆಸನಗಳ ಮುಂದೆ ಕ್ಷಣಮಾತ್ರ ನಿಂತು, ಹಿಂದಿನ ತಂಡಕ್ಕೆ ದಾರಿ ಬಿಡಬೇಕಾಗಿ ಸಾಗುತ್ತವೆ. ಏಳು ಅಕ್ಷರಕ್ಕೆ ಇಳಿಯುವುದಕ್ಕೆ ಎರಡೂವರೆ ಗಂಟೆ ತೆಗೆದುಕೊಳ್ಳುವ ಮೇಳವೆಲ್ಲಿ, ಕೈ ಕೂಡುವುದಕ್ಕೆ ಮೊದಲೇ ಮುಂದೆ ನಡೆಯೆಂದು ಪೋಲೀಸಿನವನು ಸೀಟಿ ಊದುವ ಮೆರವಣಿಗೆಯೆಲ್ಲಿ! ಬೀರದೇವರ ಜಾತ್ರೆಗಳಲ್ಲಿ ಡೊಳ್ಳು ರಾತ್ರಿಯೆಲ್ಲ ನಡೆಯುತ್ತದೆ. ಅಲ್ಲಿ ಎಣಿಸುವವರೂ ಇದ್ದಾರೆ, ತಪ್ಪು ಹಿಡಿಯುವವರೂ ಇದ್ದಾರೆ. ಅಲ್ಲಿಗೆ ನಾವು ಹೋಗುವುದಿಲ್ಲ. ಅವರನ್ನು ನಮ್ಮ ಬೀದಿಗೆ ಕರೆಸುತ್ತೇವೆ, ಮೂರು ನಿಮಿಷ ನೋಡುತ್ತೇವೆ, ನಾಡಿನ ಸಂಸ್ಕೃತಿ ಉಳಿಯಿತೆಂದು ಭಾಷಣ ಮಾಡುತ್ತೇವೆ.

ನಮ್ಮ ಜಿಲ್ಲೆಯ ರಾಜ್ಯೋತ್ಸವದ ಏರ್ಪಾಡುಗಳನ್ನು ನೋಡಿಕೊಳ್ಳುವ ಅಧಿಕಾರಿಗಳಲ್ಲಿ ಅನೇಕರು ಈ ಪತ್ರಿಕೆಯ ವಾಚಕರು. ಅವರಲ್ಲಿ ನಮ್ಮ ವಿಜ್ಞಾಪನೆ ಸಣ್ಣದು. ಹತ್ತು ತಂಡಗಳನ್ನು ಕರೆಸಿ ಹತ್ತು ನಿಮಿಷ ಕೊಡುವುದರ ಬದಲು ಒಂದು ತಂಡವನ್ನು ಕರೆಸಿ ಒಂದೂವರೆ ಗಂಟೆ ಕೊಡಿ. ಭಾಷಣಗಳು ಅದಕ್ಕೆ ಮುಂಚೆಯೋ ಮಾರನೆಯ ದಿವಸವೋ ಆಗಲಿ. ವೇದಿಕೆಯೇ ಬೇಡ, ಮೈದಾನದ ನಡುವೆ ಅವರು ನಿಲ್ಲಲಿ, ಸುತ್ತಲೂ ನಾವು ನಿಲ್ಲೋಣ. ಸಾಧ್ಯವಾದರೆ ಹಿಂದಿನ ದಿವಸ ಶಾಲೆಯ ಹುಡುಗರಿಗೆ ಆ ತಂಡದ ಯಜಮಾನನಿಂದಲೇ ಕೈಯಲ್ಲಿ ತಾಳ ಹಾಕುವುದನ್ನು ಹೇಳಿಕೊಡಿಸಿ. ಅವನಿಗೆ ಕೊಡತಕ್ಕ ಸಂಭಾವನೆಯು ಶಾಮಿಯಾನದವನಿಗೆ ಕೊಡುವುದಕ್ಕಿಂತ ಕಡಿಮೆಯಾಗದಿರಲಿ. ಆಮಂತ್ರಣ ಪತ್ರಿಕೆಯಲ್ಲಿ ‘ಡೊಳ್ಳು ಕುಣಿತ’ ಎಂದು ಅಚ್ಚುಹಾಕಿಸಿ ಬಿಡಬೇಡಿ. ಅವರ ಹೆಸರುಗಳನ್ನು ಹಾಕಿಸಿ, ಹಿಂದಿನ ಸಾಲಿನವರದೂ ಸೇರಿದಂತೆ.

ಇತರರಿಗೆ ಹೇಳುವುದಕ್ಕೆ ಮುಂಚೆ ನಮ್ಮ ಮನೆಯನ್ನು ನೋಡಿಕೊಳ್ಳಬೇಕಾದುದು ನ್ಯಾಯ. ಕಳೆದ ವಾರ ನಮ್ಮ ಕಚೇರಿಯ ಹಳೆಯ ಸಂಚಿಕೆಗಳನ್ನು ತೆಗೆಸಿ 2008ರ ನವೆಂಬರ್ 2ನೆಯ ತಾರೀಖಿನ ಪುಟವನ್ನು ತಿರುವಿ ಹಾಕಿದೆವು. ಮುಖ್ಯ ಅತಿಥಿಗಳ ಭಾಷಣ ಒಂದೂವರೆ ಅಂಕಣ. ವೇದಿಕೆಯ ಮೇಲೆ ಆಸೀನರಾಗಿದ್ದ ಹನ್ನೊಂದು ಮಂದಿಯ ಹೆಸರುಗಳು, ಬಿರುದು ಬಾವಲಿಗಳ ಸಮೇತ. ಅವುಗಳಲ್ಲಿ ಏಳನೆಯದು ನಮ್ಮದು. ಕಟ್ಟಕಡೆಯಲ್ಲಿ ಒಂದು ಸಾಲು: “ಡೊಳ್ಳು ಕುಣಿತ ಮುಂತಾದುವು ಮೆರವಣಿಗೆಗೆ ಮೆರುಗನ್ನು ತಂದುವು.” ಅದನ್ನು ಬರೆದ ಕೈಯೂ ನಮ್ಮದೇ ಎಂಬುದು ವಾಕ್ಯದ ಧಾಟಿಯಿಂದಲೇ ತಿಳಿಯಿತು. ಸಮಿತಿಯ ಲೆಕ್ಕದ ಪುಸ್ತಕದಲ್ಲಾದರೂ ಸಿಕ್ಕೀತೆಂದು ಹುಡುಕಿಸಿದೆವು. ‘ಡೊಳ್ಳಿನವರಿಗೆ, ಊಟ ಮತ್ತು ಲಾರಿ ಬಾಡಿಗೆ ಸಹಿತ’ ಎಂದಿದೆ. ರಸೀತಿಯ ಮೇಲೆ ಹೆಬ್ಬೆಟ್ಟಿನ ಗುರುತು ಇದೆ. ಹೆಸರನ್ನು ಬರೆದುಕೊಳ್ಳುವ ಶ್ರಮವನ್ನು ಯಾರೂ ತೆಗೆದುಕೊಂಡಿಲ್ಲ. ಆ ವರ್ಷ ನಮ್ಮ ಊರಿಗೆ ಬಂದಿದ್ದ ತಂಡ ಯಾವ ಗ್ರಾಮದ್ದು, ಬಿಳಿಯ ಮೀಸೆಯ, ಎಡಗೈಗೆ ಬೆಳ್ಳಿಯ ಕಡಗ ಹಾಕಿದ್ದ ಆ ಯಜಮಾನನ ಹೆಸರೇನು, ಅವನೋ ಅವನ ಶಿಷ್ಯರೋ ಈಗ ಎಲ್ಲಿದ್ದಾರೆ ಎಂಬುದನ್ನು ಬಲ್ಲ ವಾಚಕರು ಈ ಕಚೇರಿಗೆ ಒಂದು ಕಾರ್ಡು ಬರೆದು ತಿಳಿಸಿದರೆ ಉಪಕಾರವಾಗುವುದು. ಹೆಸರು ತಿಳಿದ ದಿವಸ ಅದನ್ನು ಇದೇ ಪುಟದಲ್ಲಿ ಪ್ರಕಟಿಸುವೆವು.